ಆರು ತಿಂಗಳ ತರಬೇತಿ ಸೂಜಿ ಹಾಕುವುದಕ್ಕಲ್ಲ

ಸ್ಕ್ಯಾನಿಂಗ್‌ನ ಆರು ತಿಂಗಳ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರೇ ಕೊಡಗಿನಂಥ ಜಿಲ್ಲೆಯಲ್ಲಿ ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕುವ ಚಿಕಿತ್ಸೆಗಳನ್ನೂ ಮಾಡಲಿ, ಬೇರೆ ಮಾನದಂಡ ಬೇಡ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಮಾತನ್ನು ಒಪ್ಪಲಾರೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿಯ 2014ರ ನಿಯಮದ ಆ 300 ಗಂಟೆಗಳ ತರಬೇತಿ ಮುಖ್ಯವಾಗಿ ಹೊಟ್ಟೆ, ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿ ವರದಿ ಕೊಡುವುದಕ್ಕೆ. ಪರೀಕ್ಷೆಗೆಂದು ಲಿವರ್‌ನಿಂದ ತುಣುಕು ತೆಗೆಯುವುದು (ಬಯಾಪ್ಸಿ), ಒಳಗಿನ ಕೀವಿಗೆ ಪೈಪ್ ಇಳಿಸುವುದು ಬೇರೆಯೇ ಕೆಲಸ. ತೆರೆಯಲ್ಲಿ ಸೂಜಿಯ ನಡುಭಾಗ ಕಂಡರೆ ಅದೇ ತುದಿ ಅಂದುಕೊಳ್ಳುವುದು ಬಹಳ ಸುಲಭ. ನಿಜವಾದ ತುದಿ ಅಷ್ಟರಲ್ಲಿ ಇನ್ನೂ ಆಳಕ್ಕೆ ಹೋಗಿರುತ್ತದೆ.

ನಮ್ಮ ಮಾವನವರಿಗೆ ಶ್ವಾಸಕೋಶದ ಸುತ್ತ ನೀರು ತುಂಬಿದಾಗ ಇಲ್ಲಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಕೂರಿಸಿ, ಬೆನ್ನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಆಮೇಲೆ ವಾರ್ಡಿಗೆ ತಂದು ಮಗ್ಗುಲಾಗಿ ಮಲಗಿಸಿ ಅದೇ ಗುರುತಿಗೆ ಚುಚ್ಚಿದರು. ಮೈ ಹೊರಳಿದರೆ ಒಳಗಿನ ನೀರೂ ಜಾಗ ಬದಲಿಸುತ್ತದಲ್ಲವೇ? ನೀರು ಬರಲಿಲ್ಲ, ಪಕ್ಕೆಯೊಳಗೆ ಗಾಳಿ ಸೇರಿಕೊಂಡಿತು. ಸುರಿಯುವ ಮಳೆಯಲ್ಲಿ ಮೈಸೂರಿಗೆ ಓಡಬೇಕಾಯಿತು.

ಮಾನದಂಡ ಬಿಗಿ ಮಾಡಿದರೆ ಗುಡ್ಡಗಾಡಿಗೆ ಸೌಲಭ್ಯವೇ ಸಿಗದು ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಎಡವಟ್ಟಾದಾಗ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾದವರು ನಾವೇ. ಮಡಿಕೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೊದಲು ದೇಹದ ಕೃತಕ ಮಾದರಿಗಳ ಮೇಲೆ, ನಂತರ ಅನುಭವಿ ರೇಡಿಯಾಲಜಿಸ್ಟ್ ಪಕ್ಕದಲ್ಲಿ ನಿಂತಿರುವಾಗ ರೋಗಿಗಳ ಮೇಲೆ ಅಲ್ಲೇ ಕಲಿಸಲಿ. ಎದೆಯ ನೀರು ತೆಗೆಯಲು ಕಲಿತ ವೈದ್ಯರಿಗೆ ಲಿವರ್ ಬಯಾಪ್ಸಿಗೂ ಅನುಮತಿ ಅಂತ ಆಗಬಾರದು, ಒಂದೊಂದಕ್ಕೂ ಬೇರೆ ಪರೀಕ್ಷೆ ಇರಲಿ.