ಉಕ್ಕಿನಡ್ಕದ ರಿಪೀಟರ್

ಡಾಕ್ಟರಿಕೆ ಓದಲು ಬರೆಯುವ ನೀಟ್ ಪರೀಕ್ಷೆಯ ಫಲಿತಾಂಶ ಬಂದು ವಾರ ಕಳೆಯುವುದರೊಳಗೆ ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿಯ ಇಕ್ಕೆಲದಲ್ಲೂ ಡಾಕ್ಟರುಗಳು ಎದ್ದು ನಿಲ್ಲುತ್ತಾರೆ. ಎಲ್ಲರೂ ಫ್ಲೆಕ್ಸಿನವರು. ಸೀಟು ಹಂಚುವ ಕೌನ್ಸೆಲಿಂಗ್ ಇನ್ನೂ ಶುರುವಾಗಿರುವುದಿಲ್ಲ, ಸೀಟು ಎಲ್ಲಿ ಅಂತ ದೇವರಿಗೂ ಗೊತ್ತಿರುವುದಿಲ್ಲ, ಆದರೆ ಮೈಮೇಲೆ ಬಿಳಿ ಕೋಟು ಬಂದಾಗಿರುತ್ತದೆ. ಕಂಪ್ಯೂಟರಿನಲ್ಲಿ ತೊಡಿಸಿದ ಕೋಟಾದ್ದರಿಂದ ಕೊರಳು ಒಂದು ಕಡೆ, ಕಾಲರು ಇನ್ನೊಂದು ಕಡೆ. ಕುಂಬಳೆಯಲ್ಲಿ ಕಂಡ ಹುಡುಗನೇ ಮೊಗ್ರಾಲಿನಲ್ಲಿ ಬೇರೊಂದು ಸಂಸ್ಥೆಯ ಬೋರ್ಡಿನಿಂದ ನಗುತ್ತಾನೆ, ವಿದ್ಯಾನಗರದಲ್ಲಿ ಮೂರನೆಯವರ ಬೋರ್ಡಿನಿಂದ. ಅವನನ್ನು ಓದಿಸಿದವರೇ ಇಷ್ಟು ಮಂದಿ ಇರುವಾಗ ಆ ಪಾಪದ ಹುಡುಗ ಓದಿದ್ದು ಯಾವಾಗ? ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಫೋಟೋ ಹಾಕಬಾರದು, ಅವನು ಯಾವ ಕೋರ್ಸಿಗೆ ಸೇರಿದ್ದನೆಂದು ಕಾಣುವ ಹಾಗೆ ಬರೆಯಬೇಕು ಎಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬರೆದಿದ್ದಾರೆ, ಇಲ್ಲವೆನ್ನಬಾರದು. ಕೆಳಗಿನ ಮೂಲೆಯಲ್ಲಿ, ಇರುವೆಗೆ ಓದಲು ಅನುಕೂಲವಾಗುವ ಗಾತ್ರದಲ್ಲಿ.

ಅದೇ ಬೋರ್ಡಿನ ನಡುವೆ ಮಾತ್ರ ಲಾರಿ ಡ್ರೈವರನಿಗೂ ಕಾಣುವ ಅಕ್ಷರ: ‘ರಿಪೀಟರ್ಸ್ ಬ್ಯಾಚ್ ಆರಂಭ. ಸೀಟುಗಳು ಸೀಮಿತ.’ ಎಂಬಿಬಿಎಸ್ ಸೀಟು ಸೀಮಿತ, ಒಪ್ಪಿದೆ. ಅದು ಸಿಗದವರು ಕೂರುವ ಬೆಂಚೂ ಸೀಮಿತವೇ, ಮಾರಾಯ್ರೆ?

ಸೀಟು ಸಿಗದೆ ಒಂದು ವರ್ಷ ಡ್ರಾಪ್ ಹಾಕಿ ಮತ್ತೆ ನೀಟ್‌ಗೆ ಓದುವುದೆಂದರೆ ಈಗ ನಮ್ಮ ಕಡೆ ಹುಡುಗುತನದ ಸಂಸ್ಕಾರಗಳಲ್ಲಿ ಒಂದು. ಉಪನಯನದ ನಂತರ, ಮದುವೆಗೆ ಮೊದಲು. ಪಾಲಾಕ್ಕೋ ತೃಶೂರಿಗೋ ಹೋದರೆ ರಿಪೀಟರ್, ಗಡಿ ದಾಟಿ ಮಂಗಳೂರಿಗೋ ಮೂಡಬಿದಿರೆಗೋ ಹೋದರೆ ಲಾಂಗ್ ಟರ್ಮ್. ಎರಡು ಕಡೆಯೂ ಫೋನು ಕಸಿದುಕೊಂಡು, ಕತ್ತಲಿರುವಾಗಲೇ ಎಬ್ಬಿಸಿ, ಭಾನುವಾರ ಟೆಸ್ಟು ಕೊಡುತ್ತಾರೆ. ಅಪ್ಪ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಿಸಲು ತೆಗೆದಿಟ್ಟ ದುಡ್ಡು ಮೊದಲ ಕಂತು. ಅಟ್ಟದಲ್ಲಿರುವ ಚಾಲಿ ಅಡಿಕೆ ಎರಡನೇ ಕಂತು. ಮೂರನೆಯದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಆದರೆ ಅಮ್ಮ ಮದುವೆ ಮನೆಗಳಿಗೆ ಬಳೆ ಹಾಕಿಕೊಂಡು ಬರುವುದು ನಿಲ್ಲುತ್ತದೆ.

ಮದುವೆ ಮನೆ ಎಂದ ಮೇಲೆ ಬದಿಯಡ್ಕದ ಆ ಮದುವೆಯ ಕಥೆ ಹೇಳಲೇಬೇಕು. ಊಟದ ಹಂತಿಯಲ್ಲಿ ನನ್ನ ಎಡಕ್ಕೆ ಒಬ್ಬ ರಿಪೀಟರ್ ಹುಡುಗ, ಅವನಾಚೆ ಅವನ ಸೋದರಮಾವನೋ ಮತ್ತೊಬ್ಬರೋ. ಸಾರು ಬರುವ ಮೊದಲೇ ವಿಚಾರಣೆ ಶುರು.

“ಎಂತ ಮಾಡುವುದು ನೀನೀಗ?”

“ನೀಟ್‌ಗೆ ಓದುವುದು ಮಾವ.”

“ಕಳೆದ ವರ್ಷವೂ ಅದನ್ನೇ ಹೇಳಿದ್ದೆ ಅಲ್ವಾ? ಹಾಗಾದರೆ ಫೇಲಾ?”

“ಫೇಲ್ ಅಲ್ಲ ಮಾವ, ಕ್ವಾಲಿಫೈ ಆಗಿದೆ. ಸೀಟು ಸಿಗಲಿಲ್ಲ.”

“ಪಾಸಾದರೆ ಸೀಟು ಕೊಡ್ಲಿಕ್ಕೆ ಅವರಿಗೆ ಎಂತ ರೋಗ?”

ಹುಡುಗ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಅತ್ತಿಂದಿತ್ತ ತಳ್ಳುತ್ತ ಕೂತ. ಮಾವನ ಪ್ರಶ್ನೆ ಒರಟು, ಆದರೆ ಇಡೀ ಪಂಕ್ತಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿದವರಿಲ್ಲ. 2025ರಲ್ಲಿ ನೀಟ್ ‘ಪಾಸಾದವರು’ 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ, ಅದರಲ್ಲಿ ಸುಮಾರು ಅರ್ಧ ನಮ್ಮ ನಿಮ್ಮ ಜಮೀನಿಗೆ ಎಟುಕದ ಖಾಸಗಿ ಸೀಟು. ಇಷ್ಟು ಮಂದಿಯನ್ನು ಪಾಸು ಮಾಡಿ, ಸರ್ಟಿಫಿಕೇಟು ಕೊಟ್ಟು, ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ಅರ್ಹತೆ ಎಂದು ಹೆಸರು. ಇತ್ತ 2023ರಲ್ಲಿ ಇದೇ ದೇಶ ಪಿಜಿ ಸೀಟು ಖಾಲಿ ಉಳಿಯಿತೆಂದು ನೀಟ್ ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು, ಅಂದರೆ ಪರೀಕ್ಷೆ ಬರೆದವರೆಲ್ಲರೂ ಅರ್ಹರು. ಸೊನ್ನೆಗಿಂತ ಕೆಳಗೆ ಪರ್ಸೆಂಟೈಲ್ ಇಲ್ಲ, ಇದ್ದಿದ್ದರೆ ಅಲ್ಲಿಗೂ ಇಳಿಯುತ್ತಿದ್ದರು.

ಪಾಯಸ ಬಂತು. ಮಾವ ಎರಡು ಸಲ ಹಾಕಿಸಿಕೊಂಡರು. “ಸಕ್ಕರೆ ಕಾಯಿಲೆ ಉಂಟು, ಬೇಗ ಡಾಕ್ಟ್ರಾಗು ಮಾರಾಯ” ಎಂದರು.

ಬೇಗ ಆಗಬೇಕೆಂದೇನೂ ಇಲ್ಲ ಎನ್ನುತ್ತದೆ ಸರಕಾರ. 2022ರಲ್ಲಿ ನೀಟ್‌ನ ಗರಿಷ್ಠ ವಯೋಮಿತಿಯನ್ನೇ ತೆಗೆದುಹಾಕಿದರು. ಎಷ್ಟು ಸಲ ಬೇಕಾದರೂ ಬರೆಯಿರಿ. ಒಡಿಶಾದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು 2020ರಲ್ಲಿ, 64ನೇ ವಯಸ್ಸಿಗೆ, ಎಂಬಿಬಿಎಸ್ ಸೇರಿದ್ದಾರೆ. ನಮ್ಮ ಮಾವನೂ ಒಂದು ಕೈ ನೋಡಬಹುದು.

ಇಂಜಿನಿಯರಿಂಗಿನವರಿಗೆ ಈ ಉದಾರತೆ ಇಲ್ಲ. ಐಐಟಿಗೆ ಸೇರಲು ಬರೆಯುವ ಜೆಇಇ ಅಡ್ವಾನ್ಸ್ಡ್ ಎರಡೇ ಸಲ. 2024ರ ನವೆಂಬರ್ 5ರಂದು ಮೂರು ಸಲ ಬರೆಯಬಹುದು ಎಂದರು. ಕೆಲವು ಮಕ್ಕಳು ಅದನ್ನು ನಂಬಿ ಸೇರಿದ್ದ ಕಾಲೇಜು ಬಿಟ್ಟರು. 18ನೇ ತಾರೀಕಿಗೆ, ಇಲ್ಲ, ಎರಡೇ ಸಲ ಎಂದರು. ಆ ಮಕ್ಕಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, ಆ ಎರಡು ತಾರೀಕುಗಳ ನಡುವೆ ಕಾಲೇಜು ಬಿಟ್ಟವರಿಗೆ ಮಾತ್ರ ಅವಕಾಶ ಪಡೆದುಕೊಂಡರು. ಐಐಟಿಗೆ ಹೋಗಲು ಗಣಿತ ಬೇಕೆಂದು ಕೇಳಿದ್ದೆ, ಕಾನೂನೂ ಬೇಕೆಂದು ಆಗ ಗೊತ್ತಾಯಿತು.

ಗಣಿತದ ಮಾತು ಬಂತು. 2024ರಲ್ಲಿ ಜೂನ್ 14ಕ್ಕೆ ಎಂದಿದ್ದ ನೀಟ್ ಫಲಿತಾಂಶವನ್ನು ಜೂನ್ 4ಕ್ಕೇ ಬಿಟ್ಟರು. ದೇಶವೆಲ್ಲ ಲೋಕಸಭೆಯ ಮತ ಎಣಿಕೆ ನೋಡುತ್ತಿದ್ದ ದಿನ. 720ಕ್ಕೆ 720 ಪಡೆದವರು 67 ಮಂದಿ! ಕೆಲವರಿಗೆ 718, 719. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುವ ಪರೀಕ್ಷೆಯಲ್ಲಿ 719 ಹೇಗೆ ಬರುತ್ತದೆಂದು ನಮ್ಮೂರಿನ ದಿನಸಿ ಅಂಗಡಿಯವರೇ ಬೆರಳೆಣಿಸಿ ಕೇಳಿದರು. ಆಮೇಲೆ ಗ್ರೇಸ್ ಅಂಕದ ಕಥೆ ಹೊರಬಿತ್ತು, 1563 ಮಂದಿಯ ಗ್ರೇಸ್ ವಾಪಸಾಯಿತು, ಮರುಪರೀಕ್ಷೆ ಆಯಿತು, ಭೌತಶಾಸ್ತ್ರದ ಒಂದು ಪ್ರಶ್ನೆಗೆ ಉತ್ತರ ಯಾವುದೆಂದು ಸುಪ್ರೀಂ ಕೋರ್ಟು ಐಐಟಿಯವರನ್ನು ಕೇಳಿತು, ಕೊನೆಗೆ 67 ಹೋಗಿ 17 ಉಳಿಯಿತು. ಆ ವರ್ಷದ ಅಂಕ ನೋಡಿ ಗುರಿ ಇಟ್ಟುಕೊಂಡು ಡ್ರಾಪ್ ಹಾಕಿದವರಿಗೆ 2025ರಲ್ಲಿ ಸಿಕ್ಕ ಪ್ರಶ್ನೆಪತ್ರಿಕೆಯಲ್ಲಿ ದೇಶಕ್ಕೇ ಮೊದಲು ಬಂದವನ ಅಂಕ 686. ಅಷ್ಟೇ ಅಂಕ ಪಡೆದವರು ಹಿಂದಿನ ವರ್ಷ ಸಾವಿರಾರು ಮಂದಿಯ ಹಿಂದೆ ನಿಂತಿದ್ದರು. ಒಂದು ವರ್ಷ ಕೂತು ಓದಿದ್ದಕ್ಕೆ ಹುಡುಗ ಬುದ್ಧಿವಂತನಾದನೋ ದಡ್ಡನಾದನೋ ಎಂದು ಅವನಿಗೇ ಗೊತ್ತಾಗದ ಹಾಗೆ ಮಾಡುವುದು ಸಾಮಾನ್ಯ ಸಾಧನೆಯೇ?

ಇದೆಲ್ಲ ಇಡೀ ದೇಶದ ಪಾಡು. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಇದರ ಮೇಲೊಂದು ವಿಶೇಷ ಪ್ಯಾಕೇಜು ಉಂಟು. ನೀಟ್ 13 ಭಾಷೆಗಳಲ್ಲಿದೆ, ಕನ್ನಡವೂ ಇದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರದಲ್ಲಿ ಬರೆದರೆ ಇಂಗ್ಲಿಷ್, ಹಿಂದಿ, ಉರ್ದು, ಇಲ್ಲವೇ ಮಲಯಾಳ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಂಜೇಶ್ವರದ ಹುಡುಗಿಗೆ ದ್ಯುತಿಸಂಶ್ಲೇಷಣೆ ತಲಪಾಡಿ ಟೋಲ್‌ಗೇಟ್ ದಾಟಿದ ಮೇಲೆಯೇ ಅರ್ಥವಾಗಬೇಕು ಎಂದು ದಿಲ್ಲಿಯಲ್ಲಿ ತೀರ್ಮಾನವಾಗಿದೆ. ಅದಾದರೂ ಸರಿ, ಆ ಹತ್ತು ವರ್ಷ ಕಲಿಸಿದವರು ಯಾರು? ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡವೇ ಬಾರದ ಅಧ್ಯಾಪಕರನ್ನು ಕಳುಹಿಸುವುದು, ಮಕ್ಕಳು ಮತ್ತು ಹೆತ್ತವರು ಗೇಟಿನ ಮುಂದೆ ಕೂರುವುದು ಇಲ್ಲಿ ಮಳೆಗಾಲದಷ್ಟೇ ನಿಯಮಿತ.

ಗಡಿಯಾಚೆ ಅಕ್ಕರೆ ಇಲ್ಲವೆಂದಲ್ಲ. ಹೊರನಾಡು, ಗಡಿನಾಡು ಕನ್ನಡಿಗರೆಂದು ಸೀಟು ಕೇಳುವವರಿಗಾಗಿ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೇ ಇಟ್ಟಿದೆ. 50 ಅಂಕ, 12 ಬಂದರೆ ಕನ್ನಡಿಗ. ಗಡಿನಾಡ ಉತ್ಸವಕ್ಕೆ ಬಂದು, ಶಾಲು ಹೊದ್ದು, ‘ಕಾಸರಗೋಡಿನ ಕನ್ನಡಿಗರ ಜೊತೆ ನಾವಿದ್ದೇವೆ’ ಎಂದು ಭಾಷಣ ಬಿಗಿಯುವ ಮಂತ್ರಿಗಳಿಗೆ ಯಾವ ಪರೀಕ್ಷೆಯೂ ಇಲ್ಲ. ಅವರಿಗೆ 12 ಕಷ್ಟವಾಗಬಹುದೆಂಬ ಕಾಳಜಿ ಇರಬೇಕು.

ಇಷ್ಟೆಲ್ಲ ರಿಪೀಟರುಗಳ ನಡುವೆ ನಮ್ಮ ಜಿಲ್ಲೆಯ ಚಿನ್ನದ ಪದಕ ಯಾರಿಗೆ? ಅನುಮಾನವೇ ಬೇಡ, ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ. 2013ರ ನವೆಂಬರಿನಲ್ಲಿ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಿಲಾನ್ಯಾಸ ಮಾಡಿದರು. ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ, ಅದೂ 50 ಸೀಟಿಗೆ. ನಡುವೆ ಸರಕಾರ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಕಟ್ಟಡದ ಗೋಡೆಯಲ್ಲಿ ಪಾಚಿ ಹತ್ತಿತು. ಹನ್ನೆರಡು ವರ್ಷ ಡ್ರಾಪ್ ಹಾಕಿದ ಈ ಮಹಾನುಭಾವನನ್ನು ಯಾವ ಮದುವೆಯ ಹಂತಿಯಲ್ಲೂ ಯಾರೂ “ಎಂತ ಮಾಡುವುದು ನೀನೀಗ?” ಎಂದು ಕೇಳಲಿಲ್ಲ. ಫೋನು ಕಸಿದುಕೊಳ್ಳಲಿಲ್ಲ. ಕತ್ತಲಲ್ಲಿ ಎಬ್ಬಿಸಲಿಲ್ಲ.

ಒಂದೇ ಒಂದು ಸಲ ಎಬ್ಬಿಸಿದರು. 2020ರ ಏಪ್ರಿಲಿನಲ್ಲಿ ಕೊರೋನಾ ಬಂದಾಗ ಅದೇ ಕಾಲೇಜು ಕಟ್ಟಡ ಕೆಲವೇ ದಿನಗಳಲ್ಲಿ ಆಸ್ಪತ್ರೆಯಾಯಿತು, ತಿರುವನಂತಪುರದಿಂದ ಡಾಕ್ಟರು, ನರ್ಸುಗಳ ತಂಡ ಬಂತು. ಬೇಕೆಂದಾಗ ಆಗುತ್ತದೆ ಎಂದು ಆಗ ಗೊತ್ತಾಯಿತು. ಅದಕ್ಕೆ ಮೊದಲು ಗೊತ್ತಾಗಿದ್ದು ಬೇರೆ. ತಲಪಾಡಿಯಲ್ಲಿ ಗಡಿ ಮುಚ್ಚಿದ್ದರು, ಒಳದಾರಿಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ರೋಗಿಗಳು ಆಂಬುಲೆನ್ಸಿನಲ್ಲಿ, ಮನೆಯಲ್ಲಿ ಸತ್ತರು. ಇದರಲ್ಲಿ ತಮಾಷೆ ಮಾಡಲು ಏನೂ ಇಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಎಣ್ಮಕಜೆಯ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳನ್ನು ಎತ್ತಿಕೊಂಡು ಅಮ್ಮಂದಿರು ಈಗಲೂ ಬಸ್ಸು ಹತ್ತಿ ಗಡಿಯಾಚೆ ಹೋಗುತ್ತಾರೆ. ಒಂದು ಕಾಲೇಜು ಹನ್ನೆರಡು ವರ್ಷ ಸುಮ್ಮನೆ ನಿಂತದ್ದಕ್ಕೆ ಯಾರ ಸಂಬಳವೂ ನಿಲ್ಲಲಿಲ್ಲ, ಯಾರ ಬಡ್ತಿಯೂ ತಪ್ಪಲಿಲ್ಲ. ಹದಿನೆಂಟರ ಹುಡುಗ ಒಂದು ವರ್ಷ ಮನೆಯಲ್ಲಿ ಕೂತರೆ ಊರಿಗೆ ಊರೇ ಲೆಕ್ಕ ಕೇಳುತ್ತದೆ.

ಇರಲಿ. 50 ಸೀಟು ಬಂತು, ಸಂತೋಷ. ಅದರಲ್ಲಿ ಶೇ. 15 ಅಖಿಲ ಭಾರತ ಕೋಟಾಕ್ಕೆ. ಉಳಿದದ್ದಕ್ಕೆ ಪಾರಶಾಲೆಯಿಂದ ಮಂಜೇಶ್ವರದವರೆಗೆ ಇಡೀ ಕೇರಳ ಸಾಲು ನಿಂತಿದೆ. ನಮ್ಮ ಹುಡುಗನ ಪಾಲಿಗೆ ಉಕ್ಕಿನಡ್ಕ ಎಷ್ಟು ಹತ್ತಿರ ಬಂತೆಂದರೆ, ತೃಶೂರಿನ ಹಾಸ್ಟೆಲಿಗೆ ಹೋಗುವ ದಿನ ಬಸ್ಸಿನ ಕಿಟಕಿಯಿಂದ ಕಟ್ಟಡ ನೋಡಬಹುದು. ಶಿಲಾನ್ಯಾಸದ ದಿನ ಅದರ ಪಕ್ಕದ ಮನೆಯಲ್ಲಿ ಹುಟ್ಟಿದ ಮಗು ಇದ್ದರೆ ಈಗ ಅದಕ್ಕೆ ಹನ್ನೆರಡು ತುಂಬಿದೆ, ಬರುವ ವರ್ಷ ಎಂಟನೇ ತರಗತಿ. ಹದಿನಾರು ತುಂಬದವರನ್ನು ಕೋಚಿಂಗಿಗೆ ಸೇರಿಸಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರಲ್ಲಿ ಹೇಳಿದೆಯಂತೆ. ಎಂಟನೆಯವರಿಗೆ ಫೌಂಡೇಷನ್ ಬ್ಯಾಚಿನ ಕರಪತ್ರ ನಿನ್ನೆ ಪೇಪರಿನೊಳಗೆ ಬಂದಿತ್ತು.