ಪಾಸ್‌ಬುಕ್ಕಿನ ಸಂಘ, ಬುಟ್ಟಿಯ ಸಂಘ

ಕೊಪ್ಪಳ ತಾಲ್ಲೂಕಿನಲ್ಲಿ, ತುಂಗಭದ್ರಾ ಹಿನ್ನೀರಿನ ದಂಡೆಯ ಮೇಲಿರುವ ಮೀನುಗಾರರ ಊರೊಂದರಲ್ಲಿ ಹುಟ್ಟಿದ ನಾನು 14 ವರ್ಷಗಳಿಂದ ತಿರುವನಂತಪುರದಲ್ಲಿದ್ದೇನೆ. ನನ್ನ ದೊಡ್ಡವ್ವ ಮೀನು ಮಾರಿ ನಾಲ್ಕು ಮಕ್ಕಳನ್ನು ಸಾಕಿದವಳು. ನಸುಕಿನಲ್ಲಿ ಹರಿಗೋಲು ದಡ ಮುಟ್ಟುವ ಹೊತ್ತಿಗೆ ಬುಟ್ಟಿ ಹಿಡಿದು ನಿಂತಿರುತ್ತಿದ್ದಳು. ದಲ್ಲಾಳಿ ದೊಡ್ಡ ಮೀನನ್ನು ತೂಗಿಸಿಕೊಂಡು ಹೋದ ಮೇಲೆ ಉಳಿದದ್ದನ್ನು ತಲೆಯ ಮೇಲೆ ಹೊತ್ತು, ಸಿಂಬಿಯಿಂದ ನೀರು ಕುತ್ತಿಗೆಗೆ ಇಳಿಯುತ್ತಿದ್ದಂತೆಯೇ ಮೂರು ಊರು ಸುತ್ತಿ, ಒಮ್ಮೊಮ್ಮೆ ದುಡ್ಡಿನ ಬದಲು ಜೋಳ ತುಂಬಿಕೊಂಡು ಮಧ್ಯಾಹ್ನಕ್ಕೆ ಮನೆಗೆ ಬರುತ್ತಿದ್ದಳು. ಇಷ್ಟೆಲ್ಲ ದುಡಿದರೂ ಸರ್ಕಾರದ ಯಾವ ಕಾಗದದಲ್ಲಿಯೂ ಅವಳು ಮೀನುಗಾರ್ತಿಯಾಗಿರಲಿಲ್ಲ. ಮೀನುಗಾರನ ಹೆಂಡತಿಯಾಗಿದ್ದಳು, ಅಷ್ಟೆ.

ಈ ಊರಿಗೆ ಬಂದ ಹೊಸದರಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನಿಟ್ಟುಕೊಂಡು ರಸ್ತೆ ಬದಿಯಲ್ಲಿ ಕೂತ ಹೆಂಗಸರನ್ನು ಕಂಡಾಗಲೆಲ್ಲ ನನಗೆ ದೊಡ್ಡವ್ವನೇ ನೆನಪಾಗುತ್ತಿದ್ದಳು. ಅವರಿಗೂ ನಮ್ಮವರಿಗೂ ಇರುವ ಅಂತರ ತಿಳಿದದ್ದು ತಡವಾಗಿ. ಇಲ್ಲಿಯ ಮೀನು ಮಾರುವ ಹೆಂಗಸರನ್ನೂ ಒಂದು ಕಾಲದಲ್ಲಿ, ಮೀನಿನ ವಾಸನೆಯ ಕಾರಣಕ್ಕೆ, ಬಸ್ಸಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ತಲೆಹೊರೆಯೊಂದಿಗೆ ಮೈಲಿಗಟ್ಟಲೆ ನಡೆಯುತ್ತಿದ್ದ ಅವರು 1980ರ ಆಸುಪಾಸಿನಲ್ಲಿ ಒಟ್ಟುಗೂಡಿ ಹೋರಾಡಿ, ತಮಗಾಗಿಯೇ ಪ್ರತ್ಯೇಕ ಬಸ್ಸುಗಳನ್ನು ಪಡೆದರು. ಮಾರುಕಟ್ಟೆಯಲ್ಲಿ ಗುತ್ತಿಗೆದಾರರು ಮನಬಂದಂತೆ ಎತ್ತುತ್ತಿದ್ದ ಸುಂಕದ ವಿರುದ್ಧವೂ ನಿಂತರು. 2021ರಲ್ಲಿ ಕೇರಳ ಸರ್ಕಾರ ಮೀನು ಮಾರುವ ಹೆಂಗಸರಿಗಾಗಿ ತಿರುವನಂತಪುರದಲ್ಲಿ ‘ಸಮುದ್ರ’ ಎಂಬ ಉಚಿತ ಬಸ್ಸುಗಳನ್ನು ಬಿಟ್ಟಾಗ, ಅದರ ಹಿಂದೆ ಆ ಹಳೆಯ ತಲೆಮಾರಿನ ಹಟ ಇತ್ತೆಂದು ನಾನು ನಂಬಿದ್ದೇನೆ. ಈ ಬಸ್ಸಿನಲ್ಲಿ ಪಾತ್ರೆ ಇಡಲು ಜಾಗವಿದೆ. ನನ್ನ ಮಟ್ಟಿಗೆ ಉಚಿತ ಟಿಕೆಟ್ಟಿಗಿಂತ ಆ ಜಾಗವೇ ದೊಡ್ಡದು.

ನಮ್ಮಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಿದೆ. ಅದರಿಂದ ನಮ್ಮ ಕಡೆಯ ಹೆಂಗಸರಿಗೆ ಆಗಿರುವ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹಗುರವಾಗಿ ಮಾತಾಡುವವರ ಮೇಲೆ ನನಗೆ ಸಿಟ್ಟಿದೆ. ಆದರೆ ಊರಿನ ಒಬ್ಬ ಅಕ್ಕ ನನಗೆ ಹೇಳಿದ ಮಾತೂ ಅಷ್ಟೇ ನಿಜ: “ನಾ ಪುಕ್ಕಟೆ ಹೋಗಬಹುದು ತಮ್ಮಾ, ನನ್ನ ಬುಟ್ಟಿ ಎಲ್ಲಿಡ್ಲಿ?” ಬುಟ್ಟಿ ಇಲ್ಲದೆ ಆಕೆಗೆ ಕೊಪ್ಪಳದ ಸಂತೆಯಲ್ಲಿ ಮಾಡುವುದೇನೂ ಇಲ್ಲ. ಆದ್ದರಿಂದ ಆಕೆ ಇಂದಿಗೂ ನಾಲ್ಕು ಜನರ ಜೊತೆ ಸೇರಿ ಟಂಟಂ ಬಾಡಿಗೆ ಕೊಟ್ಟೇ ಹೋಗುತ್ತಾಳೆ.

ಈ ಮಾತನ್ನು ಆಕೆ ನನಗೆ ಹೇಳಿದಳೇ ಹೊರತು ತನ್ನ ಸ್ವಸಹಾಯ ಸಂಘದಲ್ಲಿ ಹೇಳಿರಲಿಲ್ಲ. ನನ್ನ ಅನಿಸಿಕೆಯ ತಿರುಳಿರುವುದು ಇಲ್ಲಿಯೇ. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಸ್ವಸಹಾಯ ಗುಂಪುಗಳು ಊರೂರಿಗೆ ಹಬ್ಬಿದವು. ನಮ್ಮೂರಿನ ಸಂಘಗಳಲ್ಲಿಯೂ ವಾರದ ಉಳಿತಾಯ ತಪ್ಪುವುದಿಲ್ಲ, ಸಾಲ ತೀರಿಸುವುದರಲ್ಲಿ ಬ್ಯಾಂಕಿನವರೇ ಮೆಚ್ಚುವಂತಹ ಶಿಸ್ತಿದೆ. ಬಡ್ಡಿಯವನ ಮನೆಯ ಮುಂದೆ ಕೈಕಟ್ಟಿ ನಿಲ್ಲುವ ದಿನಗಳನ್ನು ಈ ಸಂಘಗಳೇ ದೂರ ಮಾಡಿದವು. ಆದರೆ ಸಭೆಯಲ್ಲಿ ಕೂತ ಹದಿನೈದು ಹೆಂಗಸರಲ್ಲಿ ಹನ್ನೆರಡು ಜನ ಮೀನನ್ನೇ ನಂಬಿ ಬದುಕುವವರಾಗಿದ್ದರೂ ಅಲ್ಲಿ ಮೀನಿನ ಮಾತು ಬರುವುದಿಲ್ಲ. ದಲ್ಲಾಳಿಯ ತಕ್ಕಡಿ, ಬರ್ಫದ ಬೆಲೆ, ಸಂತೆಯಲ್ಲಿ ಕೂರುವ ಕಟ್ಟೆ, ಮಳೆಗಾಲದಲ್ಲಿ ಒಣಮೀನು ಹಾಳಾಗುವುದು, ಇವೆಲ್ಲ ಅವರವರ ಮನೆಯ ಕಷ್ಟಗಳಾಗಿಯೇ ಉಳಿದಿವೆ. ಪಾಸ್‌ಬುಕ್ಕಿನ ಸುತ್ತ ಕಟ್ಟಿದ ಸಂಘ ಬುಟ್ಟಿಯ ಸುತ್ತಲೂ ಕಟ್ಟಿಕೊಳ್ಳಬೇಕು ಎಂಬುದು ನನ್ನ ಬೇಡಿಕೆ.

ಕೇರಳದಲ್ಲಿ ಕಲಿಯಬೇಕಾದ ಇನ್ನೊಂದು ಸಂಗತಿ ಹೆಸರಿನದು. ಮೀನು ಮಾರುವವರು, ಒಣಗಿಸುವವರು ಅಲ್ಲಿ ‘ಅನುಬಂಧ ಕಾರ್ಮಿಕರು’, ಅಂದರೆ ಮೀನುಗಾರಿಕೆಗೆ ಹೊಂದಿಕೊಂಡ ಕೆಲಸ ಮಾಡುವವರು, ಎಂದು ಮೀನುಗಾರರ ಕಲ್ಯಾಣ ನಿಧಿಯಲ್ಲಿ ನೋಂದಾಯಿಸಿಕೊಳ್ಳಬಹುದು. 1984ರಲ್ಲಿ ಆರಂಭವಾದ ಮೀನುಗಾರರ ಸಹಕಾರ ಒಕ್ಕೂಟ ಮತ್ಸ್ಯಫೆಡ್ ಅವರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಮೀನುಗಾರ ಮಹಿಳೆಯರಿಗೆಂದೇ 2005ರಿಂದ ಒಂದು ಸರ್ಕಾರಿ ಸಂಸ್ಥೆಯಿದೆ. ನಮ್ಮೂರಿನ ಸಹಕಾರ ಸಂಘದಲ್ಲಿ ಬಲೆ, ಹರಿಗೋಲು, ಲೈಸೆನ್ಸು ಯಾರ ಹೆಸರಿನಲ್ಲಿವೆಯೋ ಅವರೇ ಸದಸ್ಯರು, ಅಂದರೆ ಗಂಡಸರು. ಪ್ರತಿ ಜನವರಿಯಲ್ಲಿ ಅಂಬಿಗರ ಚೌಡಯ್ಯನವರ ಜಯಂತಿಯ ಮೆರವಣಿಗೆಯಲ್ಲಿ ನಮ್ಮ ಅಕ್ಕ-ತಂಗಿಯರು ಕುಂಭ ಹೊತ್ತು ಮುಂದೆ ನಡೆಯುತ್ತಾರೆ. ವೇದಿಕೆಯ ಮೇಲೆ ಅವರಿಗೆ ಕುರ್ಚಿ ಇರುವುದಿಲ್ಲ. ನೇರ ಮಾತಿನ ಆ ಶರಣನ ಹೆಸರಿನಲ್ಲಿ ಹೀಗಾಗುವುದನ್ನು ನೋಡಿದರೆ ನನಗೆ ನೋವಾಗುತ್ತದೆ.

ಕೇರಳದಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳುತ್ತಿಲ್ಲ. ದೊಡ್ಡ ವ್ಯಾಪಾರಿಗಳು, ಮನೆಬಾಗಿಲಿಗೆ ಮೀನು ತಲುಪಿಸುವ ಕಂಪನಿಗಳು ಇಲ್ಲಿಯ ಹೆಂಗಸರ ಗಿರಾಕಿಗಳನ್ನೂ ಕಸಿಯುತ್ತಿವೆ.

ಒಟ್ಟಾಗುವುದೆಂದರೆ ಸರ್ಕಾರವನ್ನು ಕೇಳುವುದಷ್ಟೇ ಅಲ್ಲ ಎಂಬುದನ್ನು ನಾನು ಕಂಡದ್ದು ಪಕ್ಕದ ತಮಿಳುನಾಡಿನ ರಾಮನಾಥಪುರದಲ್ಲಿ. ಅಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಹೆಂಗಸರು ನೀರಿಗೆ ಮುಳುಗಿ ಕಡಲಪಾಚಿ ಕೀಳುತ್ತಾರೆ. 1986ರಲ್ಲಿ ಆ ಪ್ರದೇಶ ಸಾಗರ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರ ಕಸುಬಿಗೇ ಕುತ್ತು ಬಂತು. ಆ ಹೆಂಗಸರು ಹಕ್ಕು ಕೇಳುವುದರ ಜೊತೆಗೇ ತಮಗೆ ತಾವೇ ಕಟ್ಟಳೆ ಹಾಕಿಕೊಂಡರು: ತಿಂಗಳಲ್ಲಿ 12 ದಿನ ಮಾತ್ರ ಪಾಚಿ ಕೀಳುವುದು, ಉಳಿದ ದಿನ ಅದು ಬೆಳೆಯಲು ಬಿಡುವುದು. ಅವರ ಮುಂದಾಳುಗಳಲ್ಲೊಬ್ಬರಾದ ಚಿನ್ನಪಾಲಂನ ಲಕ್ಷ್ಮಿಯವರಿಗೆ 2015ರಲ್ಲಿ ಸೀಕಾಲಜಿ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು.

ಇದು ನಮ್ಮ ಹಿನ್ನೀರಿಗೆ ಹೇಗೆ ಒಪ್ಪುತ್ತದೆ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ, ಉಳಿದ ಮಡುವಿನಲ್ಲಿ ದಡದಿಂದ ಎಳೆಯುವ ಸಣ್ಣ ಕಣ್ಣಿನ ಬಲೆಗಳಿಗೆ ಕಾಟ್ಲಾ, ರೋಹು ಮರಿಗಳೂ ಸಿಕ್ಕಿಬೀಳುತ್ತವೆ. ಬೆರಳುದ್ದದ ಆ ಮರಿಯನ್ನು ಬಲೆ ಹಾಕುವವರು ಬಿಡುವುದಿಲ್ಲ. ಆದರೆ ದಡದಲ್ಲಿ ಅದನ್ನು ಆರಿಸುವವರು, ಒಣಗಿಸುವವರು, ಮಾರುವವರು ಹೆಂಗಸರೇ. ಇಂತಿಷ್ಟು ಅಳತೆಗಿಂತ ಸಣ್ಣ ಮರಿಯನ್ನು ನಾವು ಬುಟ್ಟಿಗೆ ಹಾಕಿಕೊಳ್ಳುವುದಿಲ್ಲ ಎಂದು ಹತ್ತೂರಿನ ಸಂಘಗಳು ಒಂದೇ ಮಾತಾಡಿದರೆ ಆ ಬಲೆಗೆ ಕೆಲಸವೇ ಇರುವುದಿಲ್ಲ. ಒಂದೆರಡು ಬೇಸಿಗೆ ಆದಾಯ ಕಡಿಮೆಯಾಗುತ್ತದೆ, ನಿಜ. ಆ ಎರಡು ಬೇಸಿಗೆಗಳನ್ನು ದಾಟಿಸುವ ಶಕ್ತಿ ಸಂಘದ ಉಳಿತಾಯಕ್ಕಿದೆ.

ನಮಗಿರುವ ಒಂದು ಅನುಕೂಲ ಕೇರಳದವರಿಗಿಲ್ಲ. ಜಲಾಶಯದ ಮೀನುಗಾರಿಕೆಯ ಉಸ್ತುವಾರಿ ತುಂಗಭದ್ರಾ ಮಂಡಳಿಯೊಂದರದ್ದೇ ಆದ್ದರಿಂದ, ಎರಡು ದಂಡೆಯ ಸಂಘಗಳೂ ತಟ್ಟಬೇಕಾದ ಬಾಗಿಲು ಒಂದೇ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ 40 ಪ್ರತಿಶತ ಇರುವ ಸಹಾಯಧನ ಮಹಿಳೆಯರಿಗೆ 60 ಪ್ರತಿಶತವಿದೆ. ಮೀನು ಸಾಗಿಸುವ ಬರ್ಫದ ಪೆಟ್ಟಿಗೆಯ ವಾಹನಗಳಿಗೂ ಅದು ಸಿಗುತ್ತದೆ. ಅದನ್ನು ಸಂಘವೇ ಕೇಳಿ ಪಡೆಯಲಿ. ಹೆಸರು ಹೆಂಡತಿಯದು, ವಾಹನ ಗಂಡನದು ಎಂದಾಗದಿರಲಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಗುಡಿಯ ಕಟ್ಟೆಯ ಮೇಲೆ ಏಳೆಂಟು ಹೆಂಗಸರ ಜೊತೆ ಈ ಮಾತೆಲ್ಲ ಆಡಿದೆ. ಅವರು ಹೆಚ್ಚು ಕೇಳಿದ್ದು ತಿರುವನಂತಪುರದ ಬಸ್ಸಿನ ಬಗ್ಗೆಯೇ: ಪಾತ್ರೆ ಎಲ್ಲಿಡುತ್ತಾರೆ, ನೀರು ಸೋರಿದರೆ ಬೈಯುವುದಿಲ್ಲವೇ, ಬಸ್ಸು ಎಷ್ಟು ಗಂಟೆಗೆ ಬಿಡುತ್ತದೆ. ಬೆಳಗಿನ ಮೊದಲ ಬಸ್ಸಿನ ಹಿಂದಿನ ಎರಡು ಸೀಟು ತೆಗೆದು ಬುಟ್ಟಿಗಳಿಗೆ ಜಾಗ ಮಾಡಿಕೊಡಿ ಎಂದು ಅರ್ಜಿ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಅಧ್ಯಕ್ಷೆ ಅಕ್ಕ ಅದನ್ನು ಎರಡು ಸಲ ಓದಿಸಿ ಕೇಳಿ, “ಬರೀ ನಮ್ಮೂರಿನವರ ಸಹಿ ಸಾಲದು, ಆಚೆ ದಂಡಿಯವ್ರದೂ ಬೇಕು” ಎಂದು ಹೇಳಿ, ಕಾಗದವನ್ನು ಮಡಿಚಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಳು.