ಸ್ಕ್ಯಾನ್ ಮಾಡು ಅಂತ ನೀವು ಹೇಳಿದ್ರಾ?

ನಕಲಿ ಆ್ಯಂಟಿವೈರಸ್ ಗುರುತಿಸುವುದು ಹೇಗೆ ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ. ಸ್ಪೆಲ್ಲಿಂಗ್ ತಪ್ಪಿದೆಯಾ ನೋಡಿ, ಲೋಗೋ ಸರಿಯಿದೆಯಾ ನೋಡಿ. ಈ ಸಲಹೆಯನ್ನು ಇನ್ನಾದರೂ ಕೈಬಿಡಬೇಕು ಅಂತ ನನ್ನ ವಾದ. ಈಗಿನ ನಕಲಿಗಳಲ್ಲಿ ಒಂದಕ್ಷರ ತಪ್ಪಿರುವುದಿಲ್ಲ. ಬಣ್ಣ, ಬಟನ್, ಗುರಾಣಿಯ ಚಿತ್ರ, ಎಲ್ಲವೂ ಅಸಲಿಯಿಂದಲೇ ಎತ್ತಿಕೊಂಡಿದ್ದು. ಮುಖ ನೋಡಿ ಮಣೆ ಹಾಕಿದರೆ ಮೋಸ ಹೋಗುವುದು ಗ್ಯಾರಂಟಿ.

ನಾನು ನೋಡುವುದು ಎರಡೇ ಸಂಗತಿ. ಸ್ಕ್ಯಾನ್ ಮಾಡು ಅಂತ ಹೇಳಿದ್ದು ಯಾರು? ವೈರಸ್ ಸಿಕ್ಕಿತು ಅಂದ ಮೇಲೆ ಅದು ಮಾಡಿದ್ದೇನು? ಅಸಲಿ ಆ್ಯಂಟಿವೈರಸ್ ನೀವೋ ಮನೆಯವರೋ ಹಾಕಿಕೊಂಡಿದ್ದು, ಇಲ್ಲವೇ ಕಂಪ್ಯೂಟರ್ ಜೊತೆಗೇ ಬಂದಿದ್ದು. ಅದರ ಹೆಸರು ನಿಮಗೆ ಗೊತ್ತಿರುತ್ತದೆ. ಏನಾದರೂ ಸಿಕ್ಕರೆ ಮೊದಲು ಆ ಫೈಲನ್ನು ಕಟ್ಟಿಹಾಕುತ್ತದೆ, ಆಮೇಲೆ ಮೂಲೆಯಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ನಕಲಿಯದು ಉಲ್ಟಾ. ಕರೆಯದೇ ಬರುತ್ತದೆ, ಕೇಳದೇ ಹುಡುಕುತ್ತದೆ, ಹುಡುಕಿದ್ದನ್ನು ಮಾತ್ರ ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಕಾರ್ಡ್ ನಂಬರ್ ಕೊಡಿ, ಅಥವಾ ಈ ನಂಬರಿಗೆ ಫೋನ್ ಮಾಡಿ, ಅದೂ ಐದು ನಿಮಿಷದೊಳಗೆ!

ವೆಬ್ ಪುಟದಲ್ಲಿ ಓಡುವ ಆ ಸ್ಕ್ಯಾನ್ ಒಳ್ಳೇ ನಾಟಕ. ಹಸಿರು ಪಟ್ಟಿ ಎಡದಿಂದ ಬಲಕ್ಕೆ ಸರಿಯುತ್ತಾ ಹೋಗುತ್ತದೆ. ಕೆಳಗೆ ಫೈಲ್ ಹೆಸರುಗಳು ಓದಲಾಗದಷ್ಟು ಬೇಗ ಓಡುತ್ತವೆ. ಅವು ನಿಮ್ಮ ಫೈಲ್‌ಗಳಲ್ಲ, ಪುಟ ಮಾಡಿದವನು ಮೊದಲೇ ಬರೆದಿಟ್ಟ ಪಟ್ಟಿ. ಆ ಹಸಿರು ಪಟ್ಟಿ ಸರಿಯುವುದೂ ಬರೀ ಅನಿಮೇಷನ್. ಹಿಂದೆಲ್ಲ ಇಂಥ ಪುಟಗಳು ವಿಂಡೋಸ್ ಎಕ್ಸ್‌ಪಿಯ 'ಮೈ ಕಂಪ್ಯೂಟರ್' ಕಿಟಕಿಯನ್ನೇ ಚಿತ್ರವಾಗಿ ಬಿಡಿಸಿ ತೋರಿಸುತ್ತಿದ್ದವು. ಮ್ಯಾಕ್ ಇಟ್ಟುಕೊಂಡವರಿಗೂ ಅದೇ ಚಿತ್ರ, ಅದೇ ಸಿ ಡ್ರೈವ್. ಮ್ಯಾಕ್‌ನಲ್ಲಿ ಸಿ ಡ್ರೈವೇ ಇಲ್ಲ! ನೀವಾಗಿ ಫೈಲ್ ಆರಿಸಿ ಕೊಡದೇ ಹೋದರೆ ಒಂದು ವೆಬ್‌ಸೈಟ್ ನಿಮ್ಮ ಡಿಸ್ಕ್ ಒಳಗೆ ಇಣುಕದಂತೆ ಬ್ರೌಸರ್ ತಡೆಯುತ್ತದೆ. ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ನಂಬರ್), ಊರು, ಇಂಟರ್ನೆಟ್ ಕಂಪನಿಯ ಹೆಸರು ಬರೆದು ಹೆದರಿಸುತ್ತಾರಲ್ಲ, ಅದರಲ್ಲೂ ಹೂರಣವಿಲ್ಲ. ನೀವು ತೆರೆಯುವ ಪ್ರತಿ ವೆಬ್‌ಸೈಟಿಗೂ ಐಪಿ ವಿಳಾಸ ಕಾಣಿಸುತ್ತದೆ, ಮಿಕ್ಕಿದ್ದನ್ನು ಅದರಿಂದಲೇ ಅಂದಾಜು ಮಾಡಬಹುದು.

ಇದನ್ನೆಲ್ಲ ಯಾರೋ ಪಡ್ಡೆ ಹುಡುಗರು ಕೂತು ಮಾಡುತ್ತಾರೆ ಅಂದುಕೊಂಡವರಿಗೆ ಇನ್ನೋವೇಟಿವ್ ಮಾರ್ಕೆಟಿಂಗ್ ಅನ್ನುವ ಕಂಪನಿಯ ಕಥೆ ಹೇಳಬೇಕು. ಬೆಲೀಜ್ ದೇಶದಲ್ಲಿ ನೋಂದಣಿ, ಉಕ್ರೇನಿನ ಕೀವ್‌ನಲ್ಲಿ ಆಫೀಸು. ವಿನ್‌ಫಿಕ್ಸರ್, ವಿನ್‌ಆ್ಯಂಟಿವೈರಸ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆ್ಯಂಟಿವೈರಸ್, ಹೀಗೆ ಹೆಸರು ಬದಲಿಸಿ ಬದಲಿಸಿ ಮಾರಿದರು. 2008ರ ಡಿಸೆಂಬರಿನಲ್ಲಿ ಅಮೆರಿಕದ ಗ್ರಾಹಕರ ಹಿತ ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ ಇವರ ಮೇಲೆ ಕೇಸು ಹಾಕಿತು. ಹತ್ತು ಲಕ್ಷಕ್ಕೂ ಜಾಸ್ತಿ ಜನ ತಲಾ 39.95 ಡಾಲರ್ ಅಥವಾ ಇನ್ನೂ ಹೆಚ್ಚು ಕೊಟ್ಟು ಕೊಂಡಿದ್ದರು ಅನ್ನುವುದು ಕಮಿಷನ್ ಹೇಳಿಕೆ. 2012ರಲ್ಲಿ ಕೋರ್ಟು ಆರೋಪಿಗಳಲ್ಲಿ ಒಬ್ಬರಿಗೆ 16.3 ಕೋಟಿ ಡಾಲರ್ ಕಟ್ಟು ಅಂದಿತು. ಇವರ ಜಾಹೀರಾತು ಕೊಡುವ ಉಪಾಯ ಕೇಳಿ. ಹೆಸರುವಾಸಿ ಸಂಸ್ಥೆಗಳ ಪರವಾಗಿ ಜಾಹೀರಾತು ಕೊಡುತ್ತಿದ್ದೇವೆ ಅಂತ ಹೇಳಿ ಜಾಹೀರಾತು ಜಾಲದೊಳಗೆ ನುಸುಳುತ್ತಿದ್ದರು. ಒಳ್ಳೆ ವೆಬ್‌ಸೈಟ್ ನೋಡುತ್ತಿದ್ದವರಿಗೇ ಸ್ಕ್ಯಾನ್ ಕಿಟಕಿ ತೆರೆದುಕೊಳ್ಳುತ್ತಿತ್ತು. 2009ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ವೆಬ್‌ಸೈಟಿಗೂ ಇಂಥದ್ದೇ ಬೇರೊಂದು ಜಾಹೀರಾತು ನುಸುಳಿತ್ತು. ಹಾಗಾಗಿ "ಕೆಟ್ಟ ಸೈಟಿಗೆ ಹೋಗಿದ್ದೀಯ, ಅದಕ್ಕೇ ಬಂತು" ಅಂತ ಮನೆಯವರನ್ನು ಬೈಯಬೇಡಿ ದಯವಿಟ್ಟು. ಆ ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ಯಾರಿಗೂ ಹೇಳದೇ ಗುಟ್ಟಾಗಿ ದುಡ್ಡು ಕಟ್ಟುತ್ತಾರೆ.

ಈ ಹೆದರಿಕೆ ಮೋಸಗಾರರಿಗೂ ಚೆನ್ನಾಗಿ ಗೊತ್ತು. 2011ರಲ್ಲಿ ಬಂದ ಮ್ಯಾಕ್ ಡಿಫೆಂಡರ್ ಅನ್ನುವ ನಕಲಿ ನಡುನಡುವೆ ತಾನೇ ಅಶ್ಲೀಲ ಸೈಟುಗಳನ್ನು ತೆರೆಯುತ್ತಿತ್ತು. "ನೋಡಿ, ನಿಮ್ಮ ಕಂಪ್ಯೂಟರಿಗೆ ನಿಜವಾಗಲೂ ವೈರಸ್ ಬಂದಿದೆ" ಅಂತ ನಂಬಿಸುವುದಕ್ಕೆ. ಮನೆಯಲ್ಲಿ ಮಕ್ಕಳು ಓಡಾಡುತ್ತಿರುವಾಗ ಹಾಗಾದರೆ ಯಾರು ತಾನೇ ಯೋಚನೆ ಮಾಡುತ್ತಾ ಕೂರುತ್ತಾರೆ? ಕೊನೆಗೆ ಆ ಮೇ ತಿಂಗಳ ಕೊನೆಯಲ್ಲಿ ಆ್ಯಪಲ್ ಇದನ್ನು ತೆಗೆಯುವುದಕ್ಕೆಂದೇ ಅಪ್‌ಡೇಟ್ ಬಿಡಬೇಕಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ನಕಲಿ, ಇಷ್ಟ ಅನ್ನಬಹುದಾದರೆ, 2014ರ ವೈರಸ್ ಶೀಲ್ಡ್. ಆಂಡ್ರಾಯ್ಡ್ ಆ್ಯಪ್, ಗೂಗಲ್ ಪ್ಲೇ ಸ್ಟೋರಿನಲ್ಲೇ 3.99 ಡಾಲರಿಗೆ ಮಾರಾಟ. ಹತ್ತು ಸಾವಿರಕ್ಕೂ ಹೆಚ್ಚು ಜನ ಕೊಂಡರು, ಹೊಗಳಿ ಸ್ಟಾರ್ ಕೊಟ್ಟರು. ಅದು ಮಾಡುತ್ತಿದ್ದ ಕೆಲಸ ಒಂದೇ. ಗುರಾಣಿಯ ಚಿತ್ರ ಮುಟ್ಟಿದರೆ ಅದರ ಮೇಲಿದ್ದ ಇಂಟು ಗುರುತು ಹೋಗಿ ರೈಟ್ ಗುರುತು ಬರುತ್ತಿತ್ತು. ಅಷ್ಟೇ! ಒಳಗೆ ಮತ್ತೇನೂ ಇರಲಿಲ್ಲ. ಕೊಂಡವರಿಗೆ ಫೋನು ಸುರಕ್ಷಿತವಾಗಿದೆ ಅಂತಲೇ ಅನಿಸಿತ್ತು. ಏನೂ ಆಗದಿರುವುದೇ ರಕ್ಷಣೆಯ ಲಕ್ಷಣ ಅಲ್ವಾ? ಗುರಾಣಿ ಕೆಲಸ ಮಾಡ್ತಿದೆಯೋ ಇಲ್ವೋ ಅಂತ ಹೊರಗಿನಿಂದ ಹೇಳಲು ಆಗುವುದೇ ಇಲ್ಲ. ಈ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಈಗ ನನ್ನ ಸಿಟ್ಟಿನ ವಿಷಯ. ಜನ ನಕಲಿಯನ್ನು ನಂಬುವುದಕ್ಕೆ ಅರ್ಧ ಕಾರಣ ಅಸಲಿಗಳು. ಹೊಸ ಲ್ಯಾಪ್‌ಟಾಪ್ ತಂದರೆ ಅದರೊಳಗೆ ಯಾವುದೋ ಆ್ಯಂಟಿವೈರಸ್ಸಿನ ಟ್ರಯಲ್ ಕೂತಿರುತ್ತದೆ. ಅವಧಿ ಮುಗಿಯುತ್ತಿದ್ದಂತೆ ಶುರು: "ನೀವು ಅಪಾಯದಲ್ಲಿದ್ದೀರಿ", ಕೆಂಪು ಬಣ್ಣ, ದೊಡ್ಡ ಬಟನ್, "ಈಗಲೇ ಕೊಳ್ಳಿ". ಬೇಡ ಅನ್ನುವ ಆಯ್ಕೆ ಮಾತ್ರ ಭೂತಗನ್ನಡಿ ಹಿಡಿದು ಹುಡುಕಬೇಕು. ವರ್ಷಗಟ್ಟಲೆ ಹೀಗೆ ಹೆದರಿಸಿ, ಕೆಂಪು ಕಿಟಕಿ ಕಂಡರೆ ಕಾರ್ಡ್ ತೆಗೆಯುವ ಅಭ್ಯಾಸ ಮಾಡಿಸಿದ್ದು ಇವರೇ. ಕಳ್ಳರು ಅದೇ ಅಭ್ಯಾಸವನ್ನು ಬಳಸಿಕೊಂಡರು.

ಇದು ಬರೀ ನನ್ನ ಗೊಣಗಾಟವಲ್ಲ. 2019ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ಆಫೀಸ್ ಡಿಪೋ 2.5 ಕೋಟಿ ಡಾಲರ್, ಅದಕ್ಕೆ ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕೊಟ್ಟು ಇದೇ ಕಮಿಷನ್ ಜೊತೆ ರಾಜಿ ಮಾಡಿಕೊಂಡವು. ಅಂಗಡಿಯಲ್ಲಿ ಉಚಿತವಾಗಿ ಕಂಪ್ಯೂಟರ್ ತಪಾಸಣೆ ಮಾಡಿಕೊಡುತ್ತಿದ್ದರು. ಶುರುವಿನಲ್ಲಿ ಗ್ರಾಹಕರಿಗೆ ನಾಲ್ಕು ಪ್ರಶ್ನೆ: ಪಾಪ್‌ಅಪ್ ಬರುತ್ತಿದೆಯಾ, ನಿಧಾನವಾಗಿದೆಯಾ, ಹೀಗೆ. ಯಾವುದಕ್ಕಾದರೂ ಹೌದು ಅಂದರೆ ಸಾಕು, ಸ್ಕ್ಯಾನ್‌ನಲ್ಲಿ ಏನೇ ಸಿಗಲಿ ಬಿಡಲಿ, ಕೊನೆಯಲ್ಲಿ ವೈರಸ್ ಲಕ್ಷಣ ಇದೆ ಅಂತ ಫಲಿತಾಂಶ ಬರುತ್ತಿತ್ತು ಅನ್ನುವುದು ಕಮಿಷನ್ ಆರೋಪ. ಆಮೇಲೆ ನೂರಾರು ಡಾಲರಿನ ರಿಪೇರಿ. ನಿಧಾನವಾಗದ ಕಂಪ್ಯೂಟರ್ ಯಾರ ಹತ್ತಿರ ಇದೆ ಹೇಳಿ?

ಸರಿ, ಗುರುತಿಸಿದ್ದಾಯಿತು, ತೆಗೆಯುವುದು ಹೇಗೆ? ಇಲ್ಲಿ ಬಹಳ ಜನ ಒಂದು ಗೊಂದಲಕ್ಕೆ ಬೀಳುತ್ತಾರೆ. ಕಾಣುತ್ತಿರುವುದು ಕಂಪ್ಯೂಟರ್ ಒಳಗೆ ಕೂತಿದೆಯೋ, ಬರೀ ಬ್ರೌಸರಿನಲ್ಲಿದೆಯೋ ಅಂತ ನೋಡದೇ ಫಾರ್ಮ್ಯಾಟ್ ಮಾಡಿಸಲು ಓಡುತ್ತಾರೆ. ಈಗ ಕಾಣುವುದರಲ್ಲಿ ತುಂಬಾ ಪಾಲು ಬ್ರೌಸರಿನದ್ದೇ.

ಮೊನ್ನೆ ನಮ್ಮ ಸೋದರತ್ತೆ ಫೋನ್ ಮಾಡಿದ್ದರು.

"ನೋಡಪ್ಪಾ, ಕಂಪ್ಯೂಟರಿಗೆ ಐದು ವೈರಸ್ ಬಂದಿದೆಯಂತೆ. ಗಳಿಗೆಗೊಂದು ಸಲ ಹೇಳ್ತಾ ಇದೆ."

"ಎಲ್ಲಿ ಕಾಣ್ತಿದೆ ಅತ್ತೆ? ಕೆಳಗೆ ಬಲಗಡೆ ಮೂಲೆಯಲ್ಲಾ?"

"ಹೂಂ, ಅಲ್ಲೇ."

"ಅದರಲ್ಲಿ ಸಣ್ಣ ಅಕ್ಷರದಲ್ಲಿ ಯಾವುದಾದರೂ ವೆಬ್‌ಸೈಟ್ ಹೆಸರಿದೆಯಾ ನೋಡಿ."

ಇತ್ತು. ಅರ್ಥವಿಲ್ಲದ ಉದ್ದನೆ ಹೆಸರು, ಒಂದೊಂದೇ ಅಕ್ಷರ ಓದಿದರು. ಅಂದರೆ ಅದು ವೈರಸ್ ಎಚ್ಚರಿಕೆಯಲ್ಲ, ಒಂದು ಸೈಟ್ ಕಳಿಸುತ್ತಿರುವ ನೋಟಿಫಿಕೇಷನ್. ಯಾವುದೋ ಪಿಡಿಎಫ್ ಇಳಿಸಿಕೊಳ್ಳಲು ಹೋದಾಗ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂದಿದೆ, ಅವರು ಒತ್ತಿದ್ದಾರೆ. ನೋಟಿಫಿಕೇಷನ್ ಕಳಿಸಲು ಅನುಮತಿ ಕೊಟ್ಟ ಹಾಗಾಯಿತು. ಕ್ರೋಮ್ ಆದರೆ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಪರಿಚಯವಿಲ್ಲದ್ದನ್ನು ಅಳಿಸಿದರೆ ಐದೂ ವೈರಸ್ ಮಾಯ. ಎಡ್ಜ್, ಫೈರ್‌ಫಾಕ್ಸ್‌ನಲ್ಲೂ ಇಂಥದ್ದೇ ಜಾಗ ಇದೆ. ಹಾಗೇ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳಾದ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಿಬಿಡಿ, ನೀವು ಹಾಕದೇ ಇದ್ದದ್ದು ಸಿಕ್ಕರೆ ಕಿತ್ತುಹಾಕಿ.

ಇನ್ನೊಂದು ಬಗೆ ಪರದೆಯನ್ನೇ ನುಂಗುವಂಥದ್ದು. ಪೂರ್ತಿ ನೀಲಿ ಅಥವಾ ಕೆಂಪು ಪರದೆ, ಜೋರಾಗಿ ಮಾತಾಡುವ ಧ್ವನಿ, ಮೌಸ್ ಕೇಳುವುದಿಲ್ಲ, ನಡುವೆ ಒಂದು ಫೋನ್ ನಂಬರ್. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡಿತೋ, ಅಲ್ಲಿಗೆ ತೀರ್ಮಾನ ಆಯಿತು. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಫುಲ್ ಸ್ಕ್ರೀನ್ ಹೋಗುತ್ತದೆ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಗಿಸಿ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್. ಮತ್ತೆ ತೆರೆದಾಗ "ಹಳೇ ಪುಟಗಳನ್ನು ವಾಪಸ್ ತರಲೇ" ಅಂತ ಕೇಳಿದರೆ ಬೇಡ ಅನ್ನಿ.

ಆ ನಂಬರಿಗೆ ಫೋನ್ ಮಾಡಿದರೆ ಏನಾಗುತ್ತದೆ? ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಥರದ್ದೊಂದನ್ನು ಹಾಕಿಸಿ ನಿಮ್ಮ ಕಂಪ್ಯೂಟರಿನೊಳಗೆ ಬರುತ್ತಾರೆ. ಅವರ ಹಳೇ ಚಮತ್ಕಾರ ಒಂದಿದೆ. ಕಪ್ಪು ಕಿಟಕಿಯಲ್ಲಿ 'ಅಸೋಕ್' ಅನ್ನುವ ಕಮಾಂಡ್ ಕೊಡುತ್ತಾರೆ. ಉದ್ದದ ಪಟ್ಟಿ ಓಡಿ, ಕೊನೆಯ ಹತ್ತಿರ 888ಡಿಸಿಎ60 ಅಂತ ಶುರುವಾಗುವ ದೊಡ್ಡ ನಂಬರ್ ಕಾಣುತ್ತದೆ. "ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ನಂಬರ್, ನಮ್ಮ ದಾಖಲೆಯಲ್ಲೂ ಇದೇ ಇದೆ ನೋಡಿ" ಅಂತ ಅದನ್ನೇ ಓದಿ ಹೇಳುತ್ತಾರೆ. ಕೇಳುವವರ ಎದೆ ಧಸಕ್ ಅನ್ನುತ್ತದೆ. ವಿಂಡೋಸ್ ಇರುವ ಕಂಪ್ಯೂಟರುಗಳಲ್ಲೆಲ್ಲ ಅದು ಒಂದೇ ನಂಬರ್! ಜಿಪ್ ಫೋಲ್ಡರಿಗೆ ಸಂಬಂಧಪಟ್ಟ ಗುರುತು, ನಿಮಗೂ ಅದಕ್ಕೂ ಸಂಬಂಧವಿಲ್ಲ. ವಿಂಡೋಸ್ ತನ್ನ ದಿನಚರಿ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಕೆಂಪು, ಹಳದಿ ಗುರುತು ತೋರಿಸುವುದೂ ಇದೇ ಜಾತಿ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲೂ ಅಂಥವು ರಾಶಿ ಇರುತ್ತವೆ.

ಇನ್ನು ನಿಜವಾಗಲೂ ಒಳಗೆ ಕೂತಿರುವ ನಕಲಿ. ಬ್ರೌಸರ್ ಮುಚ್ಚಿದರೂ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ ಎದುರಿಗೆ ಬಂದು ನಿಂತರೆ ಅದು ಇನ್‌ಸ್ಟಾಲ್ ಆಗಿದೆ ಅಂತಲೇ ಲೆಕ್ಕ. ಮೊದಲು ವೈಫೈ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಏನೇನು ಬಂದಿದೆ ನೋಡಿ, ಅನ್‌ಇನ್‌ಸ್ಟಾಲ್ ಮಾಡಿ. ಒಂದೇ ದಿನ ಎರಡು ಮೂರು ಬಂದಿದ್ದರೆ ಆಶ್ಚರ್ಯವಿಲ್ಲ, ಇವು ಗುಂಪಾಗಿಯೇ ಬರುತ್ತವೆ. ನಂತರ ವಿಂಡೋಸ್ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ, ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ನಕಲಿಗೆ ಎದ್ದು ಅಡ್ಡಗಾಲು ಹಾಕಲು ಅವಕಾಶವೇ ಸಿಗುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಜೊತೆಗೇ ಬರುತ್ತದೆ, ಸಾಮಾನ್ಯ ಬಳಕೆಗೆ ಅದೇ ಸಾಕು ಅನ್ನುವುದು ನನ್ನ ಅನುಭವ.

ಕೆಲವು ಹಠಮಾರಿಗಳು ಟಾಸ್ಕ್ ಮ್ಯಾನೇಜರನ್ನೂ ತೆರೆಯಲು ಬಿಡುವುದಿಲ್ಲ, ಯಾವ ಪ್ರೋಗ್ರಾಂ ಒತ್ತಿದರೂ "ಇದಕ್ಕೆ ವೈರಸ್ ಬಂದಿದೆ" ಅಂತ ಮುಚ್ಚಿಬಿಡುತ್ತವೆ. ಆಗ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ಸೇಫ್ ಮೋಡ್‌ಗೆ ಬನ್ನಿ. ಅಲ್ಲಿ ವಿಂಡೋಸ್ ತನಗೆ ಬೇಕೇಬೇಕಾದದ್ದನ್ನು ಮಾತ್ರ ಎಬ್ಬಿಸುತ್ತದೆ, ಸಾಮಾನ್ಯವಾಗಿ ನಕಲಿ ಮಲಗಿಯೇ ಇರುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿದ, ವೈರಸ್ ಹುಡುಕಿ ತೆಗೆಯುವ ಮಾಲ್‌ವೇರ್‌ಬೈಟ್ಸ್ ಅಥವಾ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರನ್ನು ಪೆನ್‌ಡ್ರೈವ್‌ನಲ್ಲಿ ತಂದು ಓಡಿಸಬಹುದು. ಎಲ್ಲ ತೆಗೆದ ಮೇಲೂ ಇಂಟರ್ನೆಟ್ ಬರುತ್ತಿಲ್ಲ ಅಂದರೆ ಪ್ರಾಕ್ಸಿ ಸೆಟ್ಟಿಂಗ್ (ಇಂಟರ್ನೆಟ್ಟನ್ನು ನಡುವೆ ಬೇರೊಂದು ಕಂಪ್ಯೂಟರಿನ ಮೂಲಕ ಹಾಯಿಸುವ ಸೆಟ್ಟಿಂಗ್) ನೋಡಿ, ನೀವು ಹಾಕದ ವಿಳಾಸವೊಂದು ಅಲ್ಲಿ ಕೂತಿರಬಹುದು.

ಹೊರಗಿನವರು ದೂರದಿಂದ ಕಂಪ್ಯೂಟರಿನೊಳಗೆ ಬಂದು ಹೋಗಿದ್ದರೆ ನಾನು ಯಾವ ಸ್ಕ್ಯಾನನ್ನೂ ನಂಬುವುದಿಲ್ಲ. ಫೋಟೋ, ದಾಖಲೆಗಳನ್ನು ಎತ್ತಿಟ್ಟುಕೊಂಡು ವಿಂಡೋಸ್ ಹೊಸದಾಗಿ ಹಾಕಿ. ದುಡ್ಡು ಕೊಟ್ಟಾಗಿದ್ದರೆ ಸ್ಕ್ಯಾನಿಗಿಂತ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಆಮೇಲೆ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ" ಅಂತ ಬರುವ ಫೋನ್ ಕೂಡ ಅದೇ ಗ್ಯಾಂಗಿನದ್ದೇ ಇರಬಹುದು.

ಕೊನೆಗೆ ಹುಡುಕಾಟದ ಬಗ್ಗೆ. ನಕಲಿಯ ಹೆಸರನ್ನು ಟೈಪ್ ಮಾಡಿ "ತೆಗೆಯುವುದು ಹೇಗೆ" ಅಂತ ಹುಡುಕಿದರೆ ಪುಟಗಟ್ಟಲೆ ಲೇಖನ ಬರುತ್ತವೆ. ಅದರಲ್ಲಿ ಎಷ್ಟೋ ಒಂದೇ ಅಚ್ಚಿನವು. ಎರಡು ಪ್ಯಾರಾ ಹೆದರಿಸುತ್ತವೆ, ಮೂರನೇದರಲ್ಲಿ ಒಂದು ಡೌನ್‌ಲೋಡ್ ಬಟನ್. ಒತ್ತಿದರೆ ಉಚಿತವಾಗಿ ಸ್ಕ್ಯಾನ್ ಮಾಡುತ್ತದೆ, ತೆಗೆಯುವುದಕ್ಕೆ ಮಾತ್ರ ದುಡ್ಡು ಕೇಳುತ್ತದೆ. ಬೇಕಾದ ಸಾಫ್ಟ್‌ವೇರಿನ ಹೆಸರು ಗೊತ್ತಿದ್ದರೆ ಅದನ್ನು ಮಾಡಿದವರ ಸೈಟಿಗೇ ನೇರವಾಗಿ ಹೋಗಿ. ಗೊತ್ತಿಲ್ಲದಿದ್ದರೆ ಇಲ್ಲಿ ಕಾಮೆಂಟಿನಲ್ಲಿ ಕೇಳಿ, ಪರದೆಯ ಫೋಟೋ ಹಾಕಿ, ನೋಡಿ ಹೇಳ್ತೀನಿ.